ಕೆಮ್ಮಿಗೂ ಒಂದು ಕಿರ್ದಿ ಪುಸ್ತಕ!

‘ಔಷಧಿ ತಗೊಂಡ್ರೆ ಏಳು ದಿನ, ತಗೊಳ್ದಿದ್ರೆ ಒಂದು ವಾರ.’ ನೆಗಡಿ-ಜ್ವರದ ಬಗ್ಗೆ ಜನ ಆಡಿಕೊಳ್ಳುವ ಮಾತಿದು. ಮೈಕೈ ನೋವು, ಗಂಟಲು ಕೆರೆತ, ಜ್ವರ ಬಂತೆಂದರೆ ಔಷಧಿ ಅಂಗಡಿಯಲ್ಲಿ ನಾಲ್ಕು ಮಾತ್ರೆ ಕೊಂಡು ನುಂಗಿ ಮತ್ತೆ ಗಲ್ಲಾಪೆಟ್ಟಿಗೆ ಮುಂದೆ ಕೂರುವವರು, ಕೆಮ್ಮುತ್ತಲೇ ಬಸ್ಸು ಹತ್ತುವವರು ಯಾವ ಊರಲ್ಲಿಲ್ಲ? ಆದರೆ ಈ ಕೆಮ್ಮಿಗೂ ದಿಲ್ಲಿಯವರೆಗೆ ಒಂದು ಲೆಕ್ಕವಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಲೆಕ್ಕ ಯಾಕ್ರೀ ಬೇಕು ಅನ್ನುವವರು ಹಿಂದಿನದನ್ನು ಸ್ವಲ್ಪ ನೆನೆಯಬೇಕು. 1918ರ ಫ್ಲೂ ಜ್ವರ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. 1957ರ ಮೇ ತಿಂಗಳಲ್ಲಿ ಹಡಗಿನಲ್ಲಿ ಮದರಾಸಿಗೆ ಬಂದಿಳಿದ ಏಷ್ಯನ್ ಫ್ಲೂ, ಮುಂದಿನ ಫೆಬ್ರವರಿಯೊಳಗೆ 44 ಲಕ್ಷ ಮಂದಿಗೆ ಹಾಸಿಗೆ ಹಿಡಿಸಿತು. ಅದೂ ದಾಖಲೆಗೆ ಸಿಕ್ಕವರು ಮಾತ್ರ. 2009ರಲ್ಲಿ ಎಚ್1ಎನ್1 ಬಂದಾಗ ದೇಶದ ಮೊದಲ ಸಾವು ಪುಣೆಯಲ್ಲಾಯಿತು.

ಈಗಿನ ಕಾವಲು ವ್ಯವಸ್ಥೆ ಶುರುವಾದದ್ದು 2004ರಲ್ಲಿ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಜ್ವರ-ಕೆಮ್ಮಿನವರನ್ನು ಬರೆದುಕೊಳ್ಳುತ್ತಾಳೆ. ವೈದ್ಯರು ತಮಗೆ ಬಂದ ಅನುಮಾನ ಬರೆಯುತ್ತಾರೆ. ಪ್ರಯೋಗಾಲಯ ತನ್ನ ಫಲಿತಾಂಶ ಬರೆಯುತ್ತದೆ. ಮೂರೂ ಸೇರಿ ಜಿಲ್ಲೆಗೆ, ರಾಜ್ಯಕ್ಕೆ, ದಿಲ್ಲಿಗೆ ಹೋಗುತ್ತವೆ. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದ ಲೆಕ್ಕ 2021ರಿಂದ ಕಂಪ್ಯೂಟರ್ ಮೂಲಕ ದಿನದಿನವೂ ಸಾಗುತ್ತಿದೆ.

ಹಾಗಂತ ಎಲ್ಲರ ಗಂಟಲಿಗೂ ಕಡ್ಡಿ ಹಾಕುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕಲ್ಲ! ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಕೆಲವರ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಇಂಥ ಕೆಲಸಕ್ಕೆ ಹೆಸರಾದದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಫ್ಲೂ ವೈರಾಣು ವರ್ಷ ವರ್ಷ ವೇಷ ಬದಲಿಸುವ ಬಹುರೂಪಿ. ಅದಕ್ಕೇ ದೇಶದೇಶಗಳ ಮಾದರಿ ನೋಡಿ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮುಂದಿನ ಲಸಿಕೆಯಲ್ಲಿ ಏನಿರಬೇಕೆಂದು ಹೇಳುತ್ತದೆ.

ಭಾರತದಲ್ಲಿ ಫ್ಲೂ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಹಿಂದೆಯೇ ಇನ್ನೊಮ್ಮೆ. 2023ರ ಮಾರ್ಚ್ 9ರವರೆಗೆ ಆ ವರ್ಷ ಪ್ರಯೋಗಾಲಯದಲ್ಲಿ ಖಚಿತವಾದ ಫ್ಲೂ 3,038. ಆಗ ಎಚ್3ಎನ್2ನಿಂದ ಸತ್ತವರ ಮೊದಲ ವರದಿಗಳಲ್ಲಿ ನಮ್ಮ ಹಾಸನ ಜಿಲ್ಲೆಯದೂ ಒಂದಿತ್ತು.

ನೂರನಲವತ್ತು ಕೋಟಿ ಜನರ ದೇಶದಲ್ಲಿ ಎರಡೂಕಾಲು ತಿಂಗಳಿಗೆ ಬರೀ ಮೂರು ಸಾವಿರವೇ? ಅಲ್ಲ. ಅಷ್ಟು ಮಾತ್ರ ಪರೀಕ್ಷೆಗೆ ಸಿಕ್ಕಿದವು, ಅಷ್ಟೆ. ಕಿರ್ದಿಗೆ ಹತ್ತದ ಸಾಲ ಖತಾವಣಿಗೆ ಬರುವುದುಂಟೇ? ಮಾತ್ರೆ ನುಂಗಿ ಸುಮ್ಮನಾದವರ ಜ್ವರ ಯಾವ ಪುಸ್ತಕಕ್ಕೂ ಹತ್ತುವುದಿಲ್ಲ. ಖಾಸಗಿ ದವಾಖಾನೆಗಳೂ ವರದಿ ಕೊಡಬೇಕು, ಎಲ್ಲರೂ ಕೊಡುವುದಿಲ್ಲ. ಒಂದೇ ಬೀದಿಯಲ್ಲಿ ಹತ್ತು ಮನೆ ಮಲಗಿದರೂ ಬರೆಯುವವರಿಲ್ಲದಿದ್ದರೆ ಜಿಲ್ಲಾ ಕಚೇರಿಗೆ ಅದು ಆರೋಗ್ಯವಂತ ಬೀದಿ!

ಬರೀ ನೆಗಡಿಗೆ ಆಸ್ಪತ್ರೆಗೆ ಓಡಬೇಕಾಗಿಲ್ಲ. ಆದರೆ ಉಸಿರು ಕಟ್ಟಿದರೆ, ಜ್ವರ ಇಳಿಯದಿದ್ದರೆ, ಮನೆಯಲ್ಲಿ ವಯಸ್ಸಾದವರೋ ಬಸುರಿಯೋ ಕೂಸೋ ಮಲಗಿದರೆ ತಡಮಾಡಬಾರದು. ಓಣಿಯಲ್ಲಿ ನಾಲ್ಕು ಮನೆಗೆ ಒಟ್ಟಿಗೇ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ಒಂದು ಮಾತು ಹಾಕಬೇಕು. ದಿಲ್ಲಿಯ ದೊಡ್ಡ ಲೆಕ್ಕ ಶುರುವಾಗುವುದು ಆ ಒಂದು ಮಾತಿನಿಂದಲೇ.