ಆಕಾಶದಿಂದ ಬಿದ್ದ ಕಲ್ಲಿಗೆ ಬೆಲೆ ಎಷ್ಟು?

ಮಕ್ಕಳೇ, ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಹಲವರು ಮುರ್ಡೇಶ್ವರ ನೋಡಿರಬಹುದು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮಕ್ಕಳಿಗಂತೂ ಅದು ಮನೆಯಂಗಳ ಇದ್ದಂತೆ. ಗುಡ್ಡದ ಮೇಲೆ ಎತ್ತರದ ಶಿವನ ವಿಗ್ರಹ, ಸುತ್ತ ಕಡಲು, ದಾರಿಯ ಬದಿಗೆ ಶಂಖ, ಚಿಪ್ಪು, ಹರಳು, ಮಣಿಸರ ಮಾರುವ ಅಂಗಡಿಗಳು. ಅಲ್ಲಿಯ ಮರಳಿನಲ್ಲಿ ನಡೆಯುವಾಗ ನಿಮ್ಮ ಕಾಲಿಗೆ ಒಂದು ಕಪ್ಪು ಕಲ್ಲು ತಗುಲಿತು ಎಂದುಕೊಳ್ಳಿ. ಗಾತ್ರ ಅಂಗೈಯಷ್ಟು, ಎತ್ತಿದರೆ ಭಾರ. ಪಕ್ಕದಲ್ಲಿದ್ದವರು ಯಾರೋ, “ಅದು ಉಲ್ಕೆಯ ಕಲ್ಲು ಮಾರಾಯ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ” ಎಂದರು. ನಂಬುತ್ತೀರಾ?

ನಂಬುವ ಮೊದಲು ಉಲ್ಕೆ ಎಂದರೇನು ಎಂದು ತಿಳಿದುಕೊಳ್ಳೋಣ. ರಾತ್ರಿ ಆಕಾಶದಲ್ಲಿ ಸರ್ರನೆ ಗೆರೆ ಎಳೆದು ಮಾಯವಾಗುವ ಬೆಳಕನ್ನು ನೋಡಿದ್ದೀರಲ್ಲವೇ? ಅದನ್ನು “ನಕ್ಷತ್ರ ಬಿತ್ತು” ಎನ್ನುವುದು ರೂಢಿ. ಬೀಳುವುದು ನಕ್ಷತ್ರವಲ್ಲ. ಸೂರ್ಯನ ಸುತ್ತ ತಿರುಗುವ ಸಣ್ಣ ಕಲ್ಲು, ಧೂಳಿನ ಕಣಗಳು ಸೆಕೆಂಡಿಗೆ 11 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ನಮ್ಮ ವಾಯುಮಂಡಲಕ್ಕೆ ನುಗ್ಗುತ್ತವೆ. ಆಗ ಎದುರಿನ ಗಾಳಿ ಒತ್ತಿ ಕಾದು ಹೊಳೆಯುತ್ತದೆ, ಕಲ್ಲಿನ ಮೈಯೂ ಕರಗುತ್ತದೆ. ಆ ಬೆಳಕೇ ಉಲ್ಕೆ. ಹೆಚ್ಚಿನವು ಮೇಲೆಯೇ ಉರಿದು ಹೋಗುತ್ತವೆ. ಉರಿದು ಉಳಿದು ನೆಲ ಮುಟ್ಟಿದ ತುಂಡಿಗೆ ಉಲ್ಕಾಶಿಲೆ ಎಂದು ಹೆಸರು.

ಇಲ್ಲಿ ಒಂದು ಸ್ವಾರಸ್ಯವಿದೆ. ಉಲ್ಕಾಶಿಲೆ ಕೆಂಡದಂತೆ ನಿಗಿನಿಗಿ ಉರಿಯುತ್ತಾ ಬಂದು ಬೀಳುತ್ತದೆ ಎಂದು ಸಿನಿಮಾಗಳಲ್ಲಿ ತೋರಿಸುತ್ತಾರೆ. ನಿಜದಲ್ಲಿ ಸಣ್ಣ ಕಲ್ಲುಗಳು ನೆಲದಿಂದ ಹತ್ತಾರು ಕಿಲೋಮೀಟರ್ ಮೇಲೆಯೇ ವೇಗ ಕಳೆದುಕೊಂಡು, ಬೆಳಕು ಆರಿ, ಬಳಿಕ ಸಾಮಾನ್ಯ ಕಲ್ಲಿನಂತೆ ಬೀಳುತ್ತವೆ. ಕರಗಿದ ಮೈ ಅಷ್ಟರಲ್ಲಿ ಗಟ್ಟಿಯಾಗಿ ತೆಳುವಾದ ಕಪ್ಪು ಸಿಪ್ಪೆಯಾಗಿರುತ್ತದೆ. ದಪ್ಪ ಸುಮಾರು ಒಂದು ಮಿಲಿಮೀಟರ್. ಒಳಭಾಗ ಮೊದಲಿನಂತೆಯೇ ತಣ್ಣಗೆ ಇರುತ್ತದೆ.

ನಮ್ಮ ನಾಡಿನಲ್ಲಿ ಬಿದ್ದವು

ಇಂಥ ಕಲ್ಲು ಕರ್ನಾಟಕದಲ್ಲಿ ಬಿದ್ದಿದೆಯೇ? ಬಿದ್ದಿದೆ. 1865ರ ಸೆಪ್ಟೆಂಬರ್ 21ರಂದು ಅಂದಿನ ಮೈಸೂರು ಸೀಮೆಯಲ್ಲಿ ಬಿದ್ದ ಕಲ್ಲನ್ನು ವಿಜ್ಞಾನಿಗಳ ಪಟ್ಟಿಯಲ್ಲಿ ‘ಮುದ್ದೂರ್’ ಎಂದು ಬರೆದಿದ್ದಾರೆ. ಮರುವರ್ಷ, 1866ರ ಏಪ್ರಿಲ್‌ನಲ್ಲಿ, ಉಡುಪಿಯಲ್ಲಿ ಇನ್ನೊಂದು ಬಿತ್ತು. ತೂಕ ಮೂರೂವರೆ ಕಿಲೋಗ್ರಾಂ ಆಸುಪಾಸು. ಮುರ್ಡೇಶ್ವರದಿಂದ ಕರಾವಳಿಯ ಹೆದ್ದಾರಿ ಹಿಡಿದು ತೆಂಕಕ್ಕೆ ಹೊರಟರೆ ಉಡುಪಿ ನೂರು ಕಿಲೋಮೀಟರ್ ಆಸುಪಾಸಿನ ದಾರಿ, ಆಕಾಶದ ಲೆಕ್ಕದಲ್ಲಿ ಅದು ಏನೂ ಅಲ್ಲ.

ಈ ಎರಡೂ ‘ಕಾಂಡ್ರೈಟ್’ ಎಂಬ ಜಾತಿಯವು. ಇಂಥ ಕಲ್ಲನ್ನು ಕೊಯ್ದು ನೋಡಿದರೆ ಒಳಗೆ ರಾಗಿಕಾಳಿನಷ್ಟು, ಅದಕ್ಕಿಂತಲೂ ಸಣ್ಣ ಗುಂಡು ಗುಂಡಾದ ಕಣಗಳು ಕಾಣುತ್ತವೆ. ಕಾಂಡ್ರೈಟ್‌ಗಳ ವಯಸ್ಸು ಸುಮಾರು 456 ಕೋಟಿ ವರ್ಷ. ಹಾಸನ ಜಿಲ್ಲೆಯ ಗೊರೂರಿನ ಹತ್ತಿರದ ನೈಸ್ ಶಿಲೆ ನಮ್ಮ ನಾಡಿನ ಬಹಳ ಹಳೆಯ ಶಿಲೆಗಳಲ್ಲೊಂದು. ಅದರ ವಯಸ್ಸೇ ಸುಮಾರು 330 ಕೋಟಿ ವರ್ಷ. ಆಕಾಶದಿಂದ ಬಂದ ಕಲ್ಲು ಅದಕ್ಕಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಹಿರಿಯದು! ಭೂಮಿ ಹುಟ್ಟುವ ಕಾಲದ ಸಾಮಗ್ರಿ ಹೇಗಿತ್ತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಕೈಗೆ ಸಿಗುವುದಿಲ್ಲ.

ನಮ್ಮ ಗಡಿಯಾಚೆ, ಹೊಸೂರಿನ ಹತ್ತಿರದ ಸೂಳಗಿರಿಯಲ್ಲಿ, 2008ರ ಸೆಪ್ಟೆಂಬರ್ 12ರಂದು ಕಲ್ಲುಗಳು ಬಿದ್ದವು. ಸಿಕ್ಕ ತುಂಡುಗಳ ಒಟ್ಟು ತೂಕ 110 ಕಿಲೋಗ್ರಾಂ ಆಸುಪಾಸು. 2022ರ ಆಗಸ್ಟ್ 17ರಂದು ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ಬಿದ್ದ ಕಲ್ಲೊಂದು ಬೇವಿನ ಮರದ ಕೊಂಬೆಗೆ ಬಡಿದು ಚೂರಾಯಿತು. ಪರೀಕ್ಷಿಸಿದಾಗ ಅದು ‘ಆಬ್ರೈಟ್’ ಎಂಬ ಬಹಳ ಅಪರೂಪದ ಜಾತಿ ಎಂದು ಗೊತ್ತಾಯಿತು. ಹಳ್ಳಿಯವರು ಚೂರುಗಳನ್ನು ಆರಿಸಿ ಇಟ್ಟದ್ದರಿಂದಲೇ ಇದು ಸಾಧ್ಯವಾಯಿತು.

ಸಂತೆಯಲ್ಲಿ ಉಲ್ಕಾಶಿಲೆ

ಈಗ ಬೆಲೆಯ ಮಾತಿಗೆ ಬರೋಣ. ಉಲ್ಕಾಶಿಲೆಗಳನ್ನು ಕೊಳ್ಳುವವರು, ಮಾರುವವರು ನಿಜವಾಗಿಯೂ ಇದ್ದಾರೆ. ಅಂಚೆಚೀಟಿ, ಹಳೆಯ ನಾಣ್ಯ ಸಂಗ್ರಹಿಸುವ ಹಾಗೆ ಕೆಲವರು ಕಲ್ಲು ಸಂಗ್ರಹಿಸುತ್ತಾರೆ. ಸಹಾರಾ ಮರುಭೂಮಿಯಲ್ಲಿ ಅಲೆಮಾರಿ ಜನ ಕಲ್ಲು ಹುಡುಕಿ ವ್ಯಾಪಾರಿಗಳಿಗೆ ಕೊಡುತ್ತಾರೆ, ವ್ಯಾಪಾರಿಗಳು ದೂರದೇಶಗಳಿಗೆ ಸಾಗಿಸುತ್ತಾರೆ. 2025ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 24.67 ಕಿಲೋಗ್ರಾಂ ತೂಕದ ಕಲ್ಲೊಂದು ಸುಮಾರು 53 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 45 ಕೋಟಿ ರೂಪಾಯಿ! ಗ್ರಾಂ ಲೆಕ್ಕ ಹಾಕಿದರೆ ಆ ದಿನಗಳ ಚಿನ್ನಕ್ಕಿಂತಲೂ ದುಬಾರಿ. ಯಾಕೆಂದರೆ ಅದು ಮಂಗಳ ಗ್ರಹದ ಕಲ್ಲು. ಜಗತ್ತಿನಲ್ಲಿ ದಾಖಲಾದ 70 ಸಾವಿರಕ್ಕೂ ಹೆಚ್ಚು ಉಲ್ಕಾಶಿಲೆಗಳಲ್ಲಿ ಮಂಗಳದಿಂದ ಬಂದವು ಸುಮಾರು 400 ಮಾತ್ರ. ಅದು ಸಿಕ್ಕಿದ್ದು ಆಫ್ರಿಕಾದ ನೈಜರ್ ದೇಶದ ಮರುಭೂಮಿಯಲ್ಲಿ. ಹರಾಜಾದ ಬಳಿಕ ಆ ದೇಶದ ಸರ್ಕಾರ, “ನಮ್ಮ ಕಲ್ಲು ಹೊರಗೆ ಹೋದದ್ದು ಹೇಗೆ?” ಎಂದು ತನಿಖೆಗೆ ಇಳಿಯಿತು.

ಮಂಗಳದ ಕಲ್ಲು ನಮ್ಮ ದೇಶದಲ್ಲೂ ಬಿದ್ದಿತ್ತು ಗೊತ್ತೇ? 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಸುಮಾರು 5 ಕಿಲೋಗ್ರಾಂ ಕಲ್ಲು ಬಿತ್ತು. ಮುದ್ದೂರ್ ಕಲ್ಲಿಗಿಂತ ಒಂದು ತಿಂಗಳು ಕೂಡ ಮುಂಚೆ ಅಲ್ಲ. ಅದು ಎಲ್ಲಿಯದೆಂದು ನೂರು ವರ್ಷ ಯಾರಿಗೂ ತಿಳಿಯಲಿಲ್ಲ. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ಮೇಲಿಳಿದು ಅಲ್ಲಿಯ ಗಾಳಿಯನ್ನು ಅಳೆದವು. ಶೇರ್‌ಘಾಟಿಯ ಕಲ್ಲಿನ ಬಳಗಕ್ಕೇ ಸೇರಿದ, ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಒಂದು ಕಲ್ಲಿನೊಳಗೆ ಸಿಕ್ಕಿಕೊಂಡಿದ್ದ ಅನಿಲ ಅದಕ್ಕೇ ತಾಳೆಯಾಯಿತು! ಆ ಕಲ್ಲನ್ನು ಯಾರೋ ಮಾರಿ, ಅದು ಯಾರದೋ ಕಪಾಟು ಸೇರಿ ಮರೆತುಹೋಗಿದ್ದರೆ? ಸಂಗ್ರಹಾಲಯದಲ್ಲಿ ಊರು, ದಿನಾಂಕದ ಸಮೇತ ಉಳಿದದ್ದರಿಂದ ಇಂದಿಗೂ ಈ ಜಾತಿಯ ಕಲ್ಲುಗಳನ್ನು ಆ ಊರಿನ ಹೆಸರಿನಿಂದಲೇ ‘ಶೆರ್ಗೊಟೈಟ್’ ಎಂದು ಕರೆಯುತ್ತಾರೆ.

ಎಲ್ಲ ಉಲ್ಕಾಶಿಲೆಗೂ ಕೋಟಿ ಬೆಲೆ ಇಲ್ಲ. ಸಾಮಾನ್ಯ ಕಾಂಡ್ರೈಟ್ ಗ್ರಾಮಿಗೆ ಕೆಲವೇ ಡಾಲರ್, ಒಮ್ಮೊಮ್ಮೆ ಅದಕ್ಕೂ ಕಡಿಮೆ. 2020ರಲ್ಲಿ ಇಂಡೋನೇಷ್ಯಾದ ಸುಮಾತ್ರದಲ್ಲಿ ಒಬ್ಬರ ಮನೆಯ ಮಾಡು ಒಡೆದು 2 ಕಿಲೋಗ್ರಾಂ ಚಿಲ್ಲರೆ ತೂಕದ ಕಲ್ಲು ಬಿತ್ತು. ಅವರು ಲಕ್ಷಾಂತರ ಡಾಲರಿನ ಒಡೆಯರಾದರು ಎಂದು ಪತ್ರಿಕೆಗಳು ಬರೆದವು. ಆಮೇಲೆ ನೋಡಿದರೆ ಅವರಿಗೆ ಸಿಕ್ಕಿದ್ದು ಸುಮಾರು 14 ಸಾವಿರ ಡಾಲರ್. ಸುದ್ದಿಯ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ.

ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಯ್ದಿಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. 1851ರಲ್ಲಿ ಸ್ಥಾಪನೆಯಾದ ಇದನ್ನು ಚಿಕ್ಕದಾಗಿ ಜಿ.ಎಸ್.ಐ. ಎನ್ನುತ್ತಾರೆ. ಕಲ್ಲುಗಳ ಭಂಡಾರ ಕೋಲ್ಕತ್ತದಲ್ಲಿದೆ. ಬೆಂಗಳೂರಿನಲ್ಲೂ ಸಂಸ್ಥೆಯ ಕಚೇರಿ ಇದೆ. ಯಾರಿಗಾದರೂ ಕಲ್ಲು ಸಿಕ್ಕರೆ ಅದು ಅಲ್ಲಿಗೆ ಸೇರಬೇಕು.

ಆದರೆ “ಆಕಾಶದ ವಸ್ತು” ಎಂಬ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ನಡೆಯುವ ವ್ಯಾಪಾರ ಹೆಚ್ಚಾಗಿ ಮೋಸದ್ದು. ‘ರೈಸ್ ಪುಲ್ಲಿಂಗ್’ ಎಂಬ ಮಾತನ್ನು ಪತ್ರಿಕೆಗಳಲ್ಲಿ ನೋಡಿರಬಹುದು. ಹಳೆಯ ತಾಮ್ರದ ಪಾತ್ರೆಯೊಂದನ್ನು ತೋರಿಸಿ, ಇದಕ್ಕೆ ಸಿಡಿಲು ಬಡಿದಿದೆ, ಇದರಲ್ಲಿ ಇರಿಡಿಯಂ ಇದೆ, ಅಕ್ಕಿಕಾಳನ್ನು ಸೆಳೆಯುತ್ತದೆ, ವಿದೇಶದಲ್ಲಿ ಕೋಟಿಗಟ್ಟಲೆ ಕೊಡುತ್ತಾರೆ ಎಂದು ಹೇಳಿ ಹಣ ಕೀಳುತ್ತಾರೆ. ಅಕ್ಕಿ ನಿಜವಾಗಿಯೂ ಸರಿದದ್ದನ್ನು ಕಂಡವರಿದ್ದಾರೆ! ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಪಾತ್ರೆಯಲ್ಲಿ ಆಯಸ್ಕಾಂತ ಅಡಗಿಸಿದರೆ ಯಾವ ಅಕ್ಕಿ ತಾನೇ ಸರಿಯುವುದಿಲ್ಲ? ಇಂಥವರ ಮಾತು ಕೇಳಿ ಹೊಲ ಮನೆ ಅಡವಿಟ್ಟವರೂ ಇದ್ದಾರೆ. ಪಾತ್ರೆ ತೋರಿಸಿದವರ ಎದುರು, “ನಮ್ಮ ಮನೆಯ ಅಕ್ಕಿ ತರುತ್ತೇನೆ, ಅದನ್ನು ಸೆಳೆಯಲಿ” ಎಂದು ಹೇಳಿ ನೋಡಿ.

ಕಲ್ಲು ಬಡಿದಾಗ ಹುಟ್ಟುವ ಗಾಜು

ಬಹಳ ದೊಡ್ಡ ಉಲ್ಕಾಪಿಂಡ ಬಡಿದರೆ ಕಥೆ ಬೇರೆ. ಅದರ ವೇಗ ಕಡಿಮೆಯಾಗುವುದಿಲ್ಲ. ನೆಲದ ಮಣ್ಣು, ಮರಳು, ಬಂಡೆ ಒಂದೇ ಕ್ಷಣದಲ್ಲಿ ಕರಗಿ ಎರಚಿ ಹೋಗುತ್ತದೆ. ಹರಳುಗಟ್ಟಲು ಸಮಯ ಸಿಗದೆ ಗಾಳಿಯಲ್ಲೇ ಆರಿದ ಹನಿಗಳು ಗಾಜಾಗುತ್ತವೆ. ಇವಕ್ಕೆ ‘ಟೆಕ್ಟೈಟ್’ ಎನ್ನುತ್ತಾರೆ. ಆಕಾರ ಹನಿಯಂತೆ, ಗುಂಡಿಯಂತೆ, ನಡು ಸಣ್ಣಗಾದ ಡಮರುವಿನಂತೆ. ಯೂರೋಪಿನ ಚೆಕ್ ದೇಶದಲ್ಲಿ ಸಿಗುವ ಹಸಿರು ಗಾಜು ‘ಮೊಲ್ಡವೈಟ್’ ಸುಮಾರು ಒಂದೂವರೆ ಕೋಟಿ ವರ್ಷ ಹಳೆಯದು. ಈಜಿಪ್ಟಿನ ಮರುಭೂಮಿಯ ಹಳದಿ ಗಾಜು ಸುಮಾರು 2.9 ಕೋಟಿ ವರ್ಷದ್ದು. ದೊರೆ ತೂತಾಂಖಾಮುನ್‌ನ ಎದೆಯ ಪದಕದಲ್ಲಿ ಜೀರುಂಡೆಯ ಆಕಾರಕ್ಕೆ ಕೊರೆದ ಹರಳು ಇದೇ ಗಾಜು.

ನಮ್ಮ ನೆರೆಯ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ್ ಸರೋವರ ಇದೆ. ಕಪ್ಪು ಬಸಾಲ್ಟ್ ಶಿಲೆಗೆ ಉಲ್ಕಾಪಿಂಡ ಬಡಿದು ಆದ ಕುಳಿ, ಅಗಲ ಸುಮಾರು 1.8 ಕಿಲೋಮೀಟರ್. ಅಲ್ಲಿಯೂ ಕರಗಿ ಗಾಜಾದ ಬಸಾಲ್ಟ್ ಸಿಕ್ಕಿದೆ. ಚಂದ್ರನ ಕುಳಿಗಳನ್ನು ಅರಿಯಲು ವಿಜ್ಞಾನಿಗಳು ಲೋಣಾರಿಗೆ ಬರುತ್ತಾರೆ. ಪ್ರವಾಸ ಹೋದರೆ ನೋಡಿ ಬನ್ನಿ, ಕಲ್ಲು ಹೆಕ್ಕಿ ತರಬೇಡಿ.

ಈ ಗಾಜಿನ ಪೇಟೆಯಲ್ಲಂತೂ ನಕಲಿಯದೇ ಹಾವಳಿ. ಹಸಿರು ಬಾಟಲಿಯ ಗಾಜನ್ನು ಕರಗಿಸಿ ಅಚ್ಚಿಗೆ ಹೊಯ್ದರೆ ಮೊಲ್ಡವೈಟ್ ಸಿದ್ಧ! ಕಪ್ಪು ಟೆಕ್ಟೈಟನ್ನು ‘ಅಗ್ನಿಮಣಿ’ ಎಂದು ಉಂಗುರಕ್ಕೆ ಮಾರುವುದೂ ಉಂಟು. ಮುರ್ಡೇಶ್ವರದ ದಂಡೆಯಲ್ಲಿ ನಯವಾದ ಹಸಿರು ಹರಳು ಸಿಕ್ಕರೆ ಅದು ಯಾರೋ ಎಸೆದ ಬಾಟಲಿಯ ಚೂರು. ಅಲೆ ಅದನ್ನು ಮರಳಿಗೆ ಉಜ್ಜಿ ಉಜ್ಜಿ ಚಂದ ಮಾಡಿದೆ.

ನಿಮ್ಮ ಕಪ್ಪು ಕಲ್ಲಿನ ಪರೀಕ್ಷೆ

ಸರಿ, ಕೈಯಲ್ಲಿರುವ ಕಲ್ಲಿಗೆ ಮರಳೋಣ. ಮೊದಲು ಮೈ ನೋಡಿ. ತುಂಬ ತೂತುಗಳಿವೆಯೇ? ಉಲ್ಕಾಶಿಲೆಯಲ್ಲಿ ಸ್ಪಂಜಿನಂಥ ತೂತು ಇರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿದಂಥ ತಗ್ಗುಗಳು ಮಾತ್ರ ಇರಬಹುದು. ತೂತು ತೂತಾದ, ಕಪ್ಪಗೆ ಹೊಳೆಯುವ ಕಲ್ಲು ಕುಲುಮೆಯ ಕಬ್ಬಿಣದ ಕಿಟ್ಟವಾಗಿರುವುದೇ ಹೆಚ್ಚು. ಕರಾವಳಿಯ ಚಿರೆಕಲ್ಲಿನ ಗಟ್ಟಿ ಮೇಲ್ಪದರವೂ ಕೆಲವೊಮ್ಮೆ ಕಪ್ಪಾಗಿ ಮೋಸ ಮಾಡುತ್ತದೆ.

ಆಯಸ್ಕಾಂತ ಹಿಡಿಯಿರಿ. ಹೆಚ್ಚಿನ ಉಲ್ಕಾಶಿಲೆಗಳಲ್ಲಿ ಕಬ್ಬಿಣ, ನಿಕ್ಕಲ್ ಇರುವುದರಿಂದ ಆಯಸ್ಕಾಂತ ಅಂಟುತ್ತದೆ. ಆದರೆ ಕಬ್ಬಿಣದ ಅದಿರಿಗೂ ಅಂಟುತ್ತದಲ್ಲ! ಅದಕ್ಕೆ ಇನ್ನೊಂದು ಉಪಾಯ: ಒಡೆದ ಪಿಂಗಾಣಿ ಬಟ್ಟಲಿನ ತಳದಲ್ಲಿ ಹೊಳಪಿಲ್ಲದ ಬಿಳಿ ಅಂಚು ಇರುತ್ತದೆ. ಅದರ ಮೇಲೆ ಕಲ್ಲನ್ನು ಗೀರಿ. ಕೆಂಪು ಗೆರೆ ಬಂದರೆ ಹೆಮಟೈಟ್, ಕಪ್ಪು ಗೆರೆ ಬಂದರೆ ಮ್ಯಾಗ್ನೆಟೈಟ್ ಎಂಬ ಅದಿರು ಇರಬಹುದು. ಹೊಸದಾಗಿ ಬಿದ್ದ ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ. (ಮಾಡಿನ ಹಂಚಿನ ಮೇಲೆ ಗೀರಬೇಡಿ, ಹಂಚೇ ಕೆಂಪು.)

ಬಳಿಕ ತೂಕ. ಅಂಗಡಿಯ ತಕ್ಕಡಿಯಲ್ಲಿ ಕಲ್ಲನ್ನು ತೂಗಿ. ಪಾತ್ರೆಯೊಂದರ ತುಂಬ ನೀರು ಹಾಕಿ, ಕಲ್ಲನ್ನು ದಾರದಲ್ಲಿ ಕಟ್ಟಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯಿರಿ. ಕಲ್ಲು 350 ಗ್ರಾಂ ಇದ್ದು 100 ಮಿಲಿಲೀಟರ್ ನೀರು ಚೆಲ್ಲಿದರೆ ಸಾಂದ್ರತೆ 3.5. ಕಾಂಡ್ರೈಟ್‌ಗಳದು ಹೆಚ್ಚುಕಡಿಮೆ ಇಷ್ಟೇ. ಗ್ರಾನೈಟ್ ಸುಮಾರು 2.7, ಶುದ್ಧ ಹೆಮಟೈಟ್ 5ರ ಆಸುಪಾಸು. ನಿಮ್ಮ ಕಲ್ಲು ಈಗಷ್ಟೇ ಆಕಾಶದಿಂದ ಬಿದ್ದದ್ದನ್ನು ನೀವೇ ಕಂಡಿದ್ದರೆ ಮಾತ್ರ ನೀರಿನ ಪರೀಕ್ಷೆ, ಗೀರುವ ಪರೀಕ್ಷೆ ಎರಡೂ ಬೇಡ. ತೊಳೆಯಲೂ ಬೇಡಿ. ಶುದ್ಧವಾದ ಕಾಗದದಲ್ಲಿ ಸುತ್ತಿ, ಬಿದ್ದ ಜಾಗ, ಗಂಟೆ, ಬಂದ ದಿಕ್ಕು ಬರೆದಿಟ್ಟು ಗುರುಗಳಿಗೆ ತಿಳಿಸಿ. ಅವರು ಪೊಲೀಸ್ ಠಾಣೆಗೋ ತಹಸೀಲ್ದಾರರಿಗೋ ಹೇಳಿದರೆ ಜಿ.ಎಸ್.ಐ.ಗೆ ಸುದ್ದಿ ಮುಟ್ಟುತ್ತದೆ. 2017ರ ಜೂನ್ 6ರಂದು ಜೈಪುರದ ಹತ್ತಿರದ ಮುಕುಂದಪುರಾದಲ್ಲಿ ಬಿದ್ದ ಕಲ್ಲು ಕೈಯಲ್ಲೇ ಪುಡಿಯಾಗುವಷ್ಟು ಮೆತ್ತಗಿತ್ತು, ಅದರ ಖನಿಜಗಳಲ್ಲಿ ನೀರಿನ ಅಂಶವೂ ಇತ್ತು. ಬೇಗ ಎತ್ತಿ ಇಟ್ಟದ್ದರಿಂದ ಅದು ಉಳಿಯಿತು.

ಬೇಗ ಎತ್ತುವುದು ನಮ್ಮ ಕರಾವಳಿಯಲ್ಲಿ ಇನ್ನೂ ಮುಖ್ಯ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಮೇಲಿಂದ ಉಪ್ಪುಗಾಳಿ. ಅಂಗಳದಲ್ಲಿ ಮರೆತ ಕತ್ತಿ ಒಂದು ಮಳೆಗಾಲಕ್ಕೆ ಏನಾಗುತ್ತದೆಂದು ನಿಮಗೆ ಗೊತ್ತು. ಉಲ್ಕಾಶಿಲೆಯೊಳಗಿನ ಕಬ್ಬಿಣಕ್ಕೂ ಅದೇ ಗತಿ. ಹಳೆಯ ಉಲ್ಕಾಶಿಲೆಗಳನ್ನು ಹುಡುಕುವವರು ಒಣ ಮರುಭೂಮಿಗೂ ಅಂಟಾರ್ಕ್ಟಿಕಾದ ಹಿಮಕ್ಕೂ ಹೋಗುವುದು ಇದಕ್ಕೇ. ಹೀಗಾಗಿ ದಂಡೆಯಲ್ಲಿ ಸಿಕ್ಕ ನಿಮ್ಮ ಕಪ್ಪು ಕಲ್ಲು ಉಲ್ಕಾಶಿಲೆ ಆಗಿರುವ ಸಾಧ್ಯತೆ ತೀರಾ ಕಡಿಮೆ.

ಬೇಸರವಾಯಿತೇ? ಆಕಾಶದ ವಸ್ತು ನಿಮಗೆ ಬೇಕೇ ಬೇಕೆಂದರೆ ದಾರಿ ಇದೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಹಿಂದೂ ಮಹಾಸಾಗರದ ತಳದ ಕೆಸರಿನಿಂದ ಟೆಕ್ಟೈಟ್‌ಗಳನ್ನೂ, ಆಕಾಶದಿಂದ ಉದುರಿದ ಪುಟ್ಟ ಗೋಲಿಗಳನ್ನೂ ಹೆಕ್ಕಿದ್ದಾರೆ. ಆ ಧೂಳು ಕಡಲಿಗೆ ಮಾತ್ರ ಬೀಳುವುದಿಲ್ಲ, ನಿಮ್ಮ ಶಾಲೆಯ ಮಾಡಿನ ಮೇಲೂ ಬೀಳುತ್ತದೆ. ವರ್ಷಕ್ಕೆ ಇಡೀ ಭೂಮಿಗೆ ಸುಮಾರು 5 ಸಾವಿರ ಟನ್ ಎಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ನಾರ್ವೆಯ ಸಂಗೀತಗಾರ ಯೋನ್ ಲಾರ್ಸೆನ್ ಊರಿನ ಮಾಡುಗಳ ಕಸ ಜಾಲಿಸಿ ಇಂಥ ಕಣಗಳನ್ನು ಹುಡುಕಿದರು. ವಿಜ್ಞಾನಿಗಳೊಂದಿಗೆ ಸೇರಿ 2017ರಲ್ಲಿ ಅದನ್ನು ಪ್ರಕಟಿಸಿದರು.

ನೀವೂ ಮಾಡಿ ನೋಡಿ. ಬೇಸಿಗೆಯ ಕೊನೆಗೆ ಶಾಲೆಯ ತಾರಸಿಯ ನೀರು ಹರಿಯುವ ಮೂಲೆಯಲ್ಲಿ ಕೂತ ಕಸವನ್ನು ದೊಡ್ಡವರ ಸಹಾಯದಿಂದ ತೆಗೆಸಿ. ತೊಳೆದು ಒಣಗಿಸಿ. ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಕಸದ ಮೇಲೆ ಆಡಿಸಿ, ಅಂಟಿದ್ದನ್ನು ಬಿಳಿ ಕಾಗದಕ್ಕೆ ಉದುರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಗುಂಡಗಿರುವ ಕಪ್ಪು ಕಣಗಳಲ್ಲಿ ಬಹುಪಾಲು ವೆಲ್ಡಿಂಗ್ ಕಿಡಿಗಳವು, ಪಟಾಕಿಯವು. ಕಡಲ ಹತ್ತಿರದ ಶಾಲೆಯಾದರೆ ಗಾಳಿ ತಂದ ಕಪ್ಪು ಮರಳೂ ಸೇರಿರುತ್ತದೆ. ಅದು ಘಟ್ಟದ ಬಂಡೆಗಳಿಂದ ಹೊಳೆ ತಂದ ಅದಿರಿನ ಪುಡಿ, ಹೆಚ್ಚಾಗಿ ಮೂಲೆ ಮೂಲೆಯಾಗಿ ಕಾಣುತ್ತದೆ. ಮೊದಲು ದಂಡೆಯ ಮರಳನ್ನೇ ಒಮ್ಮೆ ಹೀಗೆ ನೋಡಿ ಪರಿಚಯ ಮಾಡಿಕೊಂಡರೆ ಬೇರೆ ಮಾಡುವುದು ಸುಲಭ. ಕೂದಲೆಳೆಯ ಎರಡು ಮೂರು ಪಟ್ಟು ದಪ್ಪದ, ಮೈಮೇಲೆ ಗೆರೆಗೆರೆ ಚಿತ್ತಾರವಿರುವ ಗೋಲಿ ಕಂಡರೆ ಬೇರೆ ತೆಗೆದು, ಪಾರದರ್ಶಕ ಟೇಪಿನಲ್ಲಿ ಅಂಟಿಸಿ, ದಿನಾಂಕ ಮತ್ತು ಶಾಲೆಯ ಹೆಸರು ಬರೆದಿಡಿ.