ಇಲ್ಲ ಎನ್ನುವ ಸರ್ವರ್‌ಗೂ ಜಾಗ ಬೇಕು

ಸರ್ವರ್‌ನಲ್ಲಿರುವ 20 ಜಿಬಿಯ ಒಂದು ವಿಡಿಯೊವನ್ನು ಅದೇ ಸರ್ವರ್‌ನ ಇನ್ನೊಂದು ಫೋಲ್ಡರ್‌ಗೆ ಕಾಪಿ ಮಾಡಬೇಕಾಗಿದೆ ಎನ್ನಿ. ಹಳೆಯ ಪದ್ಧತಿಯಲ್ಲಿ ನಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಆ ಕಡತವನ್ನು ತುಣುಕು ತುಣುಕಾಗಿ ತರಿಸಿಕೊಂಡು, ಬಂದದ್ದನ್ನು ಬಂದ ಹಾಗೇ ವಾಪಸು ಕಳಿಸುತ್ತದೆ. ಉಗ್ರಾಣದ ಈ ಮೂಲೆಯ ಅಕ್ಕಿಮೂಟೆಯನ್ನು ಆ ಮೂಲೆಗಿಡಲು ಮನೆಯವರೆಗೂ ಹೊತ್ತು ತಂದು, ಮತ್ತೆ ಹೊತ್ತುಕೊಂಡು ಹೋದ ಹಾಗೆ. ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ಕೇಬಲ್ ತುಂಬಿ ಹರಿದರೂ ಇದಕ್ಕೆ 160 ಸೆಕೆಂಡು ಬೇಕೇ ಬೇಕು.

ದೂರದ ಡಿಸ್ಕನ್ನು ನಮ್ಮದೇ ಡಿಸ್ಕಿನಂತೆ ಬಳಸಲು ಸನ್ ಮೈಕ್ರೊಸಿಸ್ಟಮ್ಸ್ 1980ರ ದಶಕದಲ್ಲಿ ರೂಪಿಸಿದ ಪ್ರೊಟೊಕಾಲ್ ಎನ್‌ಎಫ್‌ಎಸ್. 2016ರ ನವೆಂಬರ್‌ನಲ್ಲಿ ಪ್ರಕಟವಾದ ಅದರ 4.2 ಆವೃತ್ತಿ ಈ ವ್ಯರ್ಥ ಓಡಾಟಕ್ಕೆ ಮದ್ದು ತಂದಿತು. ‘ನೀನೇ ಅಲ್ಲೇ ಕಾಪಿ ಮಾಡಿಕೋ’ ಎಂದು ಸರ್ವರ್‌ಗೆ ಹೇಳುವ ಆದೇಶ ಅದು. ಆದರೆ ಇದು ಐಚ್ಛಿಕ; ಆ ಆವೃತ್ತಿಯ ಹೊಸ ಸೌಲಭ್ಯಗಳೆಲ್ಲವೂ ಐಚ್ಛಿಕವೇ. ಗೊತ್ತಿಲ್ಲದ ಸರ್ವರ್ ‘ನನ್ನಲ್ಲಿ ಇಲ್ಲ’ ಎಂಬ ಸಂಕೇತ ಕಳಿಸಿದರಾಯಿತು, ಕಂಪ್ಯೂಟರ್ ಹಳೆಯ ದಾರಿ ಹಿಡಿಯುತ್ತದೆ.

ಐಚ್ಛಿಕ ತಾನೆ, ಸೇರಿಸಿಬಿಟ್ಟರೆ ಯಾರಿಗೇನು ನಷ್ಟ ಎನಿಸಬಹುದು. ನಷ್ಟವಿದೆ. ಇಂಥ 10 ಸೌಲಭ್ಯಗಳಿದ್ದರೆ, ಇದೆ–ಇಲ್ಲಗಳ ಜೋಡಣೆಯಲ್ಲಿ 1024 ಬಗೆಯ ಸರ್ವರ್‌ಗಳು ಸಾಧ್ಯ. ಅಷ್ಟನ್ನೂ ಪರೀಕ್ಷಿಸುವವರು ಯಾರು? ಮೇಲಾಗಿ ಒಂದು ಸೌಲಭ್ಯ ಒಂಟಿಯಾಗಿ ಬರುವುದಿಲ್ಲ. ದೊಡ್ಡ ಕಡತದ ಕಾಪಿಗೆ ಹೊತ್ತು ಹಿಡಿಯುವುದರಿಂದ ‘ಶುರು ಮಾಡಿದ್ದೇನೆ, ಮುಗಿದ ಮೇಲೆ ಹೇಳುತ್ತೇನೆ’ ಎಂದು ಸರ್ವರ್ ಉತ್ತರಿಸಬಹುದು. ಹಾಗಾದರೆ ಎಲ್ಲಿಗೆ ಬಂತೆಂದು ಕೇಳಲು ಒಂದು ಆದೇಶ ಬೇಕು, ಸಾಕು ನಿಲ್ಲಿಸು ಎನ್ನಲು ಇನ್ನೊಂದು, ಮುಗಿಯಿತೆಂದು ಸರ್ವರೇ ಕರೆದು ತಿಳಿಸಲು ಮತ್ತೊಂದು. ನಡುವೆ ಸರ್ವರ್ ಕೆಟ್ಟು ನಿಂತರೆ ಅದಕ್ಕೂ ನಿಯಮ ಬರೆಯಬೇಕು. ಇಷ್ಟೆಲ್ಲ ಹೊರೆಯಿದ್ದರೂ ಕಾಪಿ ಆದೇಶವನ್ನು ಸೇರಿಸಿದ್ದು ಸರಿ ಎಂದೇ ನನ್ನ ಎಣಿಕೆ. ಉಳಿತಾಯ ಅಷ್ಟು ದೊಡ್ಡದು, ಸಿಗದಿದ್ದರೆ ಆಗುವ ನಷ್ಟ ಬರೀ ಹೊತ್ತಿನದು.

ಕಡತದೊಳಗಿನ ಖಾಲಿ ಜಾಗಗಳ ಕತೆಯೂ ಹೀಗೇ. ವರ್ಚುವಲ್ ಯಂತ್ರದ 100 ಜಿಬಿ ಡಿಸ್ಕ್ ಕಡತದಲ್ಲಿ ನಿಜವಾದ ಮಾಹಿತಿ 5 ಜಿಬಿ ಮಾತ್ರ ಇರಬಹುದು, ಉಳಿದದ್ದು ಸೊನ್ನೆ. ಸೊನ್ನೆಗಳನ್ನು ಸಾಗಿಸುವ ಬದಲು ‘ಇಲ್ಲಿಂದ ಇಲ್ಲಿಯವರೆಗೆ ಖಾಲಿ’ ಎನ್ನುವ ‘ರೀಡ್ ಪ್ಲಸ್’ ಆದೇಶವೂ 4.2ರಲ್ಲಿ ಬಂತು. ಕಾಗದದ ಮೇಲೆ ಸೊಗಸು. ಆದರೆ ಖಾಲಿ ಎಲ್ಲಿದೆ ಎಂದು ಹುಡುಕುವುದೂ ಸರ್ವರ್‌ಗೆ ಕೆಲಸವೇ. 2020ರ ಡಿಸೆಂಬರ್‌ನ ಲಿನಕ್ಸ್ 5.10ರಲ್ಲಿ ಇದು ಬಂದದ್ದು ಆಫ್ ಆದ ಸ್ಥಿತಿಯಲ್ಲಿ, ಡೆವಲಪರ್‌ಗಳಿಗೆ ಮಾತ್ರ ಎಂಬ ಎಚ್ಚರಿಕೆಯೊಂದಿಗೆ. ಯಾರ ಕೆಲಸವೂ ಕೆಡಲಿಲ್ಲ, ಹಳೆಯ ‘ರೀಡ್’ ಇದ್ದೇ ಇತ್ತು.

ಹೀಗಾಗಿ ಉಪಯೋಗವೇನು ಎಂಬುದಕ್ಕಿಂತ ಮೊದಲು ಇನ್ನೊಂದನ್ನು ಕೇಳಬೇಕು: ಸರ್ವರ್ ಇಲ್ಲ ಎಂದರೆ ಬಳಸುವವರ ಕೆಲಸ ನಿಧಾನವಾಗುತ್ತದೆಯೋ, ತಪ್ಪಾಗುತ್ತದೆಯೋ?

ಕಡತಕ್ಕೆ ಚೀಟಿ ಅಂಟಿಸುವ ‘ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್’ ಸೌಲಭ್ಯ ಈ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತದೆ. 2017ರ ಡಿಸೆಂಬರ್‌ನಲ್ಲಿ ಅದನ್ನು ಐಚ್ಛಿಕವಾಗಿ ಸೇರಿಸಲಾಯಿತು. ಲಿನಕ್ಸ್‌ಗೆ ಬರುವಷ್ಟರಲ್ಲಿ 2020. ಡೌನ್‌ಲೋಡ್ ಮಾಡುವ ‘ಕರ್ಲ್’ ಪ್ರೋಗ್ರಾಮ್‌ಗೆ ಹೇಳಿದರೆ, ಕಡತ ಯಾವ ವಿಳಾಸದಿಂದ ಬಂತೆಂದು ಇಂಥ ಚೀಟಿಯಲ್ಲಿ ಬರೆದಿಡುತ್ತದೆ. ಕಾಪಿ ಇಲ್ಲದಿದ್ದರೆ ಓದಿ ಬರೆಯಬಹುದು, ಚೀಟಿಗೆ ಅಂಥ ಬದಲಿ ದಾರಿ ಪ್ರೊಟೊಕಾಲಿನಲ್ಲಿ ಇಲ್ಲ. ಆ ಕಡತ ಒಂದು ಚಿತ್ರ ಎನ್ನಿ. ಚೀಟಿ ಗೊತ್ತಿಲ್ಲದ ಸರ್ವರ್‌ಗೆ ಅದನ್ನು ಸಾಗಿಸಿದರೆ ಚಿತ್ರ ಪೂರ್ತಿಯಾಗಿ ತಲುಪುತ್ತದೆ, ಒಂದು ಚುಕ್ಕೆಯೂ ಆಚೀಚೆ ಆಗುವುದಿಲ್ಲ. ಅದು ಎಲ್ಲಿಂದ ಬಂದದ್ದು ಎಂಬುದು ಮಾತ್ರ ದಾರಿಯಲ್ಲೇ ಉದುರಿಹೋಗಿರುತ್ತದೆ.