ನಿದ್ದೆ ಹತ್ತದ ಹೊಳೆಸಾಲು

ಜುಗೂಳ ಕೃಷ್ಣೆಯ ದಂಡೆಯ ಊರು. ಹೊಳೆಯಾಚೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿನ ಕೋಪೇಶ್ವರ ಗುಡಿ. ಈಚೆ ಕಣ್ಣು ಹಾಯುವಷ್ಟು ದೂರ ಕಬ್ಬು. ಕಾಗವಾಡ ತಾಲ್ಲೂಕಿನ ಈ ಹೊಳೆಸಾಲಿನಲ್ಲಿ ರಾತ್ರಿಗೂ ತನ್ನದೇ ದುಡಿಮೆ ಇದೆ. ತ್ರೀಫೇಸ್ ಕರೆಂಟಿನ ಪಾಳಿ ರಾತ್ರಿಗೆ ಬಿದ್ದರೆ ಹೊಲದ ಬದುಗಳ ಮೇಲೆ ಬ್ಯಾಟರಿ ಬೆಳಕು ಓಡಾಡುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸುವ ಹಂಗಾಮು ಹಿಡಿದರೆ, ಮುಂದೆ ತಿಂಗಳುಗಟ್ಟಲೆ ಡಬಲ್ ಟ್ರೇಲರಿನ ಟ್ರ್ಯಾಕ್ಟರುಗಳು ಹಾಡು ಜೋರಾಗಿ ಹಚ್ಚಿಕೊಂಡು ನಡುರಾತ್ರಿಯಲ್ಲೂ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ರಾತ್ರಿ ಪಾಳಿಗೆ ಬುತ್ತಿ ಕಟ್ಟುವುದು ಈ ಕಡೆ ಅಜ್ಜಂದಿರ ಕಾಲದ ರೂಢಿ. ಮಳೆಗಾಲಕ್ಕೆ ಹೊಳೆಯನ್ನು ಕಾಯುವ ಕೆಲಸ ಬೇರೆ.

ಇಂಥ ಊರಿನಲ್ಲಿ ಒಬ್ಬರು ‘ನಿದ್ದಿ ಹತ್ತವಲ್ದು’ ಎಂದರೆ ಪಟ್ಟಣದ ಸಲಹೆಗಳು ತಕ್ಷಣ ಬಾಯಿಗೆ ಬರುತ್ತವೆ: ದಿನಾ ಹತ್ತಕ್ಕೆ ಮಲಗಿ, ಮೊಬೈಲು ದೂರ ಇಡಿ. ಮೊಬೈಲು ದೂರ ಇಟ್ಟರೆ ಕರೆಂಟು ಬಂದೊಡನೆ ಮೋಟಾರಿನ ಮೊಬೈಲ್ ಸ್ಟಾರ್ಟರ್ ಮಾಡುವ ಕರೆಯನ್ನು ಕೇಳಿಸಿಕೊಳ್ಳುವವರು ಯಾರು?

ಮಲಗಲು ವೇಳೆಯೇ ಸಿಗದಿರುವುದು ಒಂದು ತೊಂದರೆ. ವೇಳೆ ಸಿಕ್ಕು, ಹಾಸಿಗೆ ಸಿಕ್ಕು, ಸದ್ದಡಗಿದ ಮೇಲೂ ಕಣ್ಣಿಗೆ ಕಣ್ಣು ಹತ್ತದಿರುವುದು ಇನ್ನೊಂದು. ಇವೆರಡನ್ನೂ ವೈದ್ಯರು ಬೇರೆಬೇರೆಯಾಗಿ ನೋಡುತ್ತಾರೆ. ಎರಡನೆಯದು ವಾರಕ್ಕೆ ಮೂರು ರಾತ್ರಿಯಾದರೂ ಕಾಡಿ, ಮೂರು ತಿಂಗಳು ಎಳೆದು, ಹಗಲಿನ ಕೆಲಸವನ್ನೂ ಕೆಡಿಸತೊಡಗಿದರೆ ಅದು ದೀರ್ಘಕಾಲದ ನಿದ್ರಾಹೀನತೆ. ಮೊದಲನೆಯದಕ್ಕೆ ಬೇಕಾದದ್ದು ಬಿಡುವು, ಎರಡನೆಯದಕ್ಕೆ ಚಿಕಿತ್ಸೆ. ಆದರೆ ಹೊಳೆಸಾಲಿನಂಥ ಕಡೆ ಮೊದಲನೆಯದೇ ಎಷ್ಟೋ ಸಲ ಮೆಲ್ಲಗೆ ಎರಡನೆಯದಾಗಿ ತಿರುಗುತ್ತದೆ.

ಅದು ಹೇಗೆ ಎಂದು ತಿಳಿಯಲು ನಿದ್ದೆ ಬರುವ ಬಗೆಯನ್ನು ನೋಡಬೇಕು. ಜೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮುಂದಿಟ್ಟ ವಿವರಣೆ ಇಂದಿಗೂ ಈ ಶಾಸ್ತ್ರದ ಬುನಾದಿ. ಬ್ಯಾರೇಜನ್ನು ನೆನೆದುಕೊಂಡರೆ ಇದು ಸುಲಭ: ನೀರು ಸಾಕಷ್ಟು ತುಂಬಿರಬೇಕು, ಗೇಟು ಎತ್ತುವ ಹೊತ್ತೂ ಆಗಿರಬೇಕು. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗಿ ನಿದ್ದೆಯ ಒತ್ತಡವನ್ನು ಏರಿಸುತ್ತದೆ. ಇದು ತುಂಬುವ ನೀರು. ಗೇಟಿನ ಉಸ್ತುವಾರಿ ಮಿದುಳಿನ ಬುಡದಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪಿನದು. ದೇಹದ ಗಡಿಯಾರ ಅದೇ. ಅದರ ಸುತ್ತು 24 ಗಂಟೆಗಿಂತ ಕೊಂಚ ಹೆಚ್ಚು. ದಿನಾ ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದು ಅದನ್ನು ಸರಿಹೊಂದಿಸಬೇಕು. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕಿಂತ ಹೊತ್ತು ತಿಳಿಯುವುದಕ್ಕಾಗಿಯೇ ಇರುವ ಕೋಶಗಳಿವೆ ಎಂದು ಖಚಿತವಾದದ್ದು 2002ರಲ್ಲಿ. ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಕತ್ತಲಾದ ಮೇಲೆ ಮೆಲಟೋನಿನ್ ಸುರಿಯುತ್ತದೆ, ದೇಹದ ಒಳಗಿನ ಬಿಸಿ ಮೆಲ್ಲಗೆ ಇಳಿಯುತ್ತದೆ, ಬೆಳಗಿನ ಜಾವ ನಾಲ್ಕು-ಐದರ ಸುಮಾರಿಗೆ ಅತಿ ಕೆಳಕ್ಕೆ ಬರುತ್ತದೆ.

ಇನ್ನು ಕರೆಂಟಿನ ಪಾಳಿ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಎಂದು ಸರ್ಕಾರದ ಲೆಕ್ಕ. ಆ ಏಳು ಗಂಟೆ ಕೆಲವು ದಿನ ಹಗಲಿಗೆ, ಕೆಲವು ದಿನ ರಾತ್ರಿಗೆ ಹಂಚಿಹೋಗುತ್ತದೆ. ದೇಹದ ಗಡಿಯಾರವಾದರೋ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆಯಷ್ಟು ಸರಿಯಬಲ್ಲದು. ರಾತ್ರಿ ಪಾಳಿಗೆ ಅದು ಅರ್ಧ ಹೊಂದಿಕೊಳ್ಳುವಷ್ಟರಲ್ಲಿ ಪಾಳಿ ಹಗಲಿಗೆ ಬಂದಿರುತ್ತದೆ. ಬೆಂಗಳೂರಿನ ಕಾಲ್ ಸೆಂಟರಿನವರು ತಿಂಗಳುಗಟ್ಟಲೆ ರಾತ್ರಿಯನ್ನೇ ಹಗಲು ಮಾಡಿಕೊಂಡಾದರೂ ಇರಬಹುದು, ನೀರು ಹಾಯಿಸುವವನಿಗೆ ಅದೂ ಇಲ್ಲ. ಮೇಲಾಗಿ ಅವನು ಮಡಿಯ ಬಾಯಿ ಕಟ್ಟುತ್ತ ನಿಲ್ಲುವುದು ಬೆಳಗಿನ ಜಾವದಲ್ಲಿ, ದೇಹ ಅತಿ ತಣ್ಣಗಿದ್ದು ಗಮನ ಅತಿ ಮಂದವಾಗಿರುವ ಹೊತ್ತಿನಲ್ಲಿ. ಹಾವು ತುಳಿಯುವುದಕ್ಕೂ ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವುದಕ್ಕೂ ಕತ್ತಲೆ ಎಷ್ಟು ಕಾರಣವೋ ಈ ಮಂಪರೂ ಅಷ್ಟೇ ಕಾರಣ ಎಂದು ನನಗನಿಸುತ್ತದೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಗೊತ್ತುಮಾಡಿತು. ಕಡಿತವಾದ ಹೊತ್ತನ್ನೂ ಆ ದಿನದ ಕರೆಂಟಿನ ಪಾಳಿಯನ್ನೂ ಒಟ್ಟಿಗಿಟ್ಟು ಯಾರಾದರೂ ನೋಡಿದರೆ ಒಳ್ಳೆಯದು.

ಹೊಳೆಯ ಕಥೆ ಬೇರೆ. 2005, 2019, 2021ರ ಮಹಾಪೂರ ಕಂಡ ಊರುಗಳಿವು. ಮಳೆ ಇಲ್ಲಿ ಬೀಳಬೇಕೆಂದೇ ಇಲ್ಲ. ಮೇಲೆ ಕೊಯ್ನಾ ತುಂಬಿ, ರಾಜಾಪುರ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯೂಸೆಕ್ ಎಂಬ ಸುದ್ದಿ ಬಂದರೆ ಸಾಕು, ಮನೆಯ ಹಿರಿಯರು ಹೊರಸಿನ ಮೇಲೆ ಅಡ್ಡಾದರೂ ಕಿವಿ ಹೊಳೆಯ ಕಡೆಗೇ ಇರುತ್ತದೆ. ದನಕರು ಬಿಚ್ಚಿಕೊಂಡು ಕಾಳಜಿ ಕೇಂದ್ರಕ್ಕೆ ಹೋದ ಮೇಲೂ ನಿದ್ದೆಯಿಲ್ಲ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದು ಎಲ್ಲರ ಅನುಭವ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ ಮತ್ತು ಸಂಗಡಿಗರು ಅದರ ಕಾರಣದ ಎಳೆಯೊಂದನ್ನು ಹಿಡಿದರು: ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಅಪರಿಚಿತ ಸದ್ದಿಗೆ ಅದೇ ಬೇಗ ಎಚ್ಚರಾಗುತ್ತದೆ. ಕಾವಲಿಗೆ ಅರ್ಧ ಮಿದುಳು. ನೆರೆಯ ರಾತ್ರಿಗಳಲ್ಲಿ ಈ ಎಚ್ಚರ ರೋಗವಲ್ಲ, ಜೀವ ಉಳಿಸುವ ಬುದ್ಧಿ. ಅದಕ್ಕೆ ಗುಳಿಗೆ ಕೊಟ್ಟು ಮಲಗಿಸುವುದು ತಪ್ಪಾದೀತು.

ನೀರು ಇಳಿದು, ಮನೆಯ ರಾಡಿ ಬಳಿದು, ಪಂಚಮಿ ಕಳೆದು, ಗಣಪತಿಯೂ ಹೋದ ಮೇಲೆ ಕೆಲವರಲ್ಲಿ ಆ ಎಚ್ಚರ ಮಾತ್ರ ಉಳಿದುಬಿಡುತ್ತದೆ. ಯಾಕೆ? ನ್ಯೂಯಾರ್ಕಿನ ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಕೆಲವರ ಸ್ವಭಾವದಲ್ಲೇ ನಿದ್ದೆ ತೆಳು. ಅಂಥವರಿಗೆ ಒಂದು ಪೆಟ್ಟು ಬೀಳುತ್ತದೆ: ನೆರೆ, ಸಾಲ, ಸಾವು, ಪಾಳಿ. ಪೆಟ್ಟು ಮಾಯುತ್ತದೆ. ಆದರೆ ನಿದ್ದೆಗೆಟ್ಟ ದಿನಗಳಲ್ಲಿ ಅವರು ಕಲಿತುಕೊಂಡ ಉಪಾಯಗಳು ಮಾಯುವುದಿಲ್ಲ. ರಾತ್ರಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಎಂಟಕ್ಕೇ ಹಾಸಿಗೆ ಸೇರುತ್ತಾರೆ. ಬೆಳಗ್ಗೆ ಏಳರವರೆಗೆ ಹೊರಳಾಡುತ್ತಾರೆ. ಮಧ್ಯಾಹ್ನ ಎರಡು ತಾಸು ಮಲಗುತ್ತಾರೆ. ಗಳಿಗೆಗೊಮ್ಮೆ ಮೊಬೈಲಿನಲ್ಲಿ ವೇಳೆ ನೋಡಿ ‘ಇನ್ನ ಮೂರ ತಾಸ ಉಳಿತು’ ಎಂದು ಲೆಕ್ಕ ಹಾಕುತ್ತಾರೆ. ಹೀಗೆ ಒತ್ತಡದ ನೀರು ತುಂಬುವ ಮೊದಲೇ ಸೋರಿಹೋಗುತ್ತದೆ. ಅತ್ತ ಹಾಸಿಗೆಯೆಂದರೆ ಹೊರಳಾಟದ ಜಾಗ ಎಂದು ಮಿದುಳು ಕಲಿಯುತ್ತದೆ. ಕಟ್ಟೆಯ ಮೇಲೆ ಕೂತು ತೂಕಡಿಸುತ್ತಿದ್ದ ಯಜಮಾನರು ಒಳಗೆ ಹೋಗಿ ದಿಂಬಿಗೆ ತಲೆ ಕೊಟ್ಟೊಡನೆ ಎಚ್ಚರಾಗುವುದು ಇದೇ ಕಲಿಕೆಯಿಂದ.

ಚಿಕಿತ್ಸೆ ಇಲ್ಲಿಂದಲೇ ಹೊರಡುತ್ತದೆ, ಮತ್ತು ಕೇಳಿದವರಿಗೆ ಮೊದಲು ಸಿಟ್ಟು ಬರಿಸುತ್ತದೆ: ನಿದ್ದೆ ಬಾರದವರು ಹಾಸಿಗೆಯಲ್ಲಿರುವ ಹೊತ್ತನ್ನು ಕಡಿಮೆ ಮಾಡಬೇಕು. ಒಂದೆರಡು ವಾರ ಬರೆದಿಟ್ಟು ನೋಡಿದಾಗ ನಿಜವಾಗಿ ಹತ್ತುವ ನಿದ್ದೆ ಸರಾಸರಿ ಐದೂವರೆ ತಾಸು ಎಂದಾದರೆ, ಹಾಸಿಗೆಗೂ ಅಷ್ಟೇ ವೇಳೆ. ರಾತ್ರಿ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುವುದು. ಎಂಥ ರಾತ್ರಿ ಕಳೆದಿರಲಿ, ಏಳುವ ವೇಳೆ ಬದಲಾಗಬಾರದು. ಮಲಗಿದ ಹೊತ್ತಿನಲ್ಲಿ ನೂರಕ್ಕೆ 85 ಭಾಗ ನಿದ್ದೆಯೇ ಆಗತೊಡಗಿದ ಮೇಲೆ ಹದಿನೈದು ನಿಮಿಷದಂತೆ ವೇಳೆ ಹೆಚ್ಚಿಸುತ್ತ ಹೋಗುವುದು. ಇದಕ್ಕೆ ಜೊತೆಯಾಗಿ 1972ರಲ್ಲಿ ರಿಚರ್ಡ್ ಬೂಟ್ಸಿನ್ ಹೇಳಿದ ಕ್ರಮವಿದೆ: ಕಣ್ಣು ಎಳೆಯುವಾಗ ಮಾತ್ರ ಹಾಸಿಗೆಗೆ ಹೋಗಿ, ಸುಮಾರು ಇಪ್ಪತ್ತು ನಿಮಿಷ ಕಳೆದೂ ನಿದ್ದೆ ಹತ್ತದಿದ್ದರೆ ಎದ್ದು ಪಡಸಾಲೆಗೆ ಬನ್ನಿ, ಮಂದ ಬೆಳಕಿನಲ್ಲಿ ಏನಾದರೂ ಸಣ್ಣ ಕೆಲಸ ಮಾಡಿ, ತೂಕಡಿಕೆ ಬಂದ ಮೇಲೆ ಮರಳಿ. ಗಡಿಯಾರ ನೋಡಬೇಡಿ, ಇಪ್ಪತ್ತು ನಿಮಿಷ ಅಂದಾಜಿನದಾದರೆ ಸಾಕು. ಈ ಕ್ರಮಗಳನ್ನೂ ನಿದ್ದೆಯ ಬಗೆಗಿನ ಹೆದರಿಕೆಯನ್ನು ಇಳಿಸುವ ಮಾತುಕತೆಯನ್ನೂ ಸೇರಿಸಿ ಮಾಡುವ ಚಿಕಿತ್ಸೆಯನ್ನೇ ಮೊದಲು ಕೊಡಬೇಕು, ಗುಳಿಗೆ ಆಮೇಲೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚುತ್ತದೆ. ಕಬ್ಬಿನ ಟ್ರ್ಯಾಕ್ಟರು ಓಡಿಸುವವರು, ಮೂರ್ಛೆರೋಗವಿದ್ದವರು, ಮನಸ್ಸಿನ ಏರಿಳಿತದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಚಹಾದ ವಿಷಯಕ್ಕೆ ಬಂದರೆ ನಾನು ನಿಷ್ಠುರ. ಕೆಫೀನ್ ಅಡೆನೋಸಿನ್ ಕೂರಬೇಕಾದ ಜಾಗವನ್ನು ತಾನು ಹಿಡಿದು ಕೂರುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗಲು ಐದು ತಾಸು ಬೇಕು. ನೀರು ಹಾಯಿಸುವಾಗ ರಾತ್ರಿ ಒಂದಕ್ಕೆ ಕುಡಿದ ಚಹಾ, ಬೆಳಗ್ಗೆ ಆರಕ್ಕೆ ಮಲಗಲು ಹೋದಾಗಲೂ ಅರ್ಧ ಕಪ್ಪಿನಷ್ಟು ಒಳಗಿರುತ್ತದೆ. ಇನ್ನು ತಂಬಾಕು. ನಿಪ್ಪಾಣಿ ಸೀಮೆ ಬೀಡಿ ತಂಬಾಕಿಗೆ ಹೆಸರಾದದ್ದು, ಮತ್ತು ಗಡಿಭಾಗದ ಹೆಂಗಸರಲ್ಲಿ ಸುಟ್ಟ ತಂಬಾಕಿನ ಪುಡಿ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಇನ್ನೂ ಇದೆ. ಮಲಗುವ ಮುಂಚೆ ಒಂದು ಸಲ ಉಜ್ಜಿದರೆ ಸಮಾಧಾನ ಎನ್ನುತ್ತಾರೆ. ಸಮಾಧಾನ ಸಿಗುವುದು ನಿಜ, ಚಟದ ಕಾಟ ಒಂದು ಗಳಿಗೆ ತಣಿಯುವುದರಿಂದ. ನಿಕೋಟಿನ್ ಮಾತ್ರ ಮಿದುಳನ್ನು ಎಚ್ಚರಿಸುವ ವಸ್ತು. ಸೆರೆಯದು ಇದಕ್ಕೆ ತಿರುಗುಮುರುಗು: ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ.

ನಿದ್ದೆ ಬಾರದವರಿಗೆ ಎಮ್ಮೆಯ ಹಾಲನ್ನು ಚರಕಸಂಹಿತೆ ಹೇಳುತ್ತದೆ. ಆಹಾರದ ಜೊತೆಗೆ ನಿದ್ದೆಯನ್ನೂ ಅದು ದೇಹದ ಮೂರು ಆಸರೆಗಳಲ್ಲಿ ಒಂದೆಂದು ಎಣಿಸುತ್ತದೆ. ಹಾಲಿನಲ್ಲಿ ಟ್ರಿಪ್ಟೊಫಾನ್ ಇದೆ, ದೇಹ ಮೆಲಟೋನಿನ್ ಮಾಡಿಕೊಳ್ಳುವುದು ಅದರಿಂದಲೇ. ಒಂದು ಲೋಟದಲ್ಲಿರುವಷ್ಟು ಅಂಶ ಮಾತ್ರ ನಿದ್ದೆ ತರಿಸಲು ಸಾಲದು. ಅದಕ್ಕಿಂತ ಹಂಡೆಯ ಬಿಸಿನೀರಿನ ಮೇಲೆ ನನಗೆ ಹೆಚ್ಚು ಭರವಸೆ. ಮಲಗುವ ಒಂದೆರಡು ತಾಸು ಮೊದಲು ಬಿಸಿನೀರಿನಲ್ಲಿ ಮೈ-ಕಾಲು ತೊಳೆದರೆ ಅಂಗೈ ಅಂಗಾಲಿಗೆ ರಕ್ತ ಹರಿದು ಒಳಗಿನ ಬಿಸಿ ಹೊರಗೆ ಹೋಗುತ್ತದೆ, ದೇಹದ ಒಳಭಾಗ ತಣ್ಣಗಾಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ಅಂಗಾಲು ಬೆಚ್ಚಗಿದ್ದವರು ಬೇಗ ಮಲಗುತ್ತಾರೆ ಎಂಬುದನ್ನು ಸ್ವಿಸ್ ಸಂಶೋಧಕರು 1999ರಲ್ಲಿ ಅಳೆದು ತೋರಿಸಿದ್ದಾರೆ.

‘ಹಿಂದಿನವರು ಎಂಟು ತಾಸು ಗಡದ್ದಾಗಿ ಮಲಗುತ್ತಿದ್ದರು’ ಎಂಬ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. ಟಾಂಜಾನಿಯಾದ ಹಾಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ತ್ಸಿಮಾನೆ ಎಂಬ ಮೂರು ಸಮುದಾಯಗಳ ಕರೆಂಟಿಲ್ಲದ ರಾತ್ರಿಗಳನ್ನು ಅಳೆದ 2015ರ ಅಧ್ಯಯನದಲ್ಲಿ ಅವರ ನಿದ್ದೆ 5.7ರಿಂದ 7.1 ತಾಸು ಮಾತ್ರ. ಸೂರ್ಯ ಮುಳುಗಿದ ಕೂಡಲೇ ಮಲಗುವವರೂ ಅವರಲ್ಲ. ಆದರೂ ನಿದ್ದೆಯಿಲ್ಲ ಎಂದು ದೂರುವವರು ತೀರಾ ವಿರಳ. ಏಳುವ ಹೊತ್ತು ಮಾತ್ರ ದಿನದಿನವೂ ಹೆಚ್ಚುಕಡಿಮೆ ಒಂದೇ.

ಎಲ್ಲ ನಿದ್ದೆಗೇಡೂ ಈ ಲೆಕ್ಕಕ್ಕೆ ಬರುವುದಿಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರದು ಬೇರೆ ಕಾಯಿಲೆ. ಸಂಜೆಯಾದರೆ ಮೀನಖಂಡದಲ್ಲಿ ಏನೋ ಹರಿದಾಡಿದಂತಾಗಿ ಕಾಲು ಅಲುಗಿಸದೆ ಇರಲಾಗದ ಹೆಂಗಸರಿಗೆ ‘ದಣಿವು’ ಎಂದು ಹೇಳಿ ಕಳಿಸುವ ಮೊದಲು ರಕ್ತದಲ್ಲಿ ಕಬ್ಬಿಣದಂಶ ನೋಡಬೇಕು. ಎಷ್ಟೋ ಸಲ ಮೂಲ ಅಲ್ಲಿಯೇ ಇರುತ್ತದೆ. ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ತಂದು ನುಂಗುವ ಅಲ್ಪ್ರಾಜೋಲಾಮ್‌ನಂಥ ಗುಳಿಗೆ ಕೆಲವೇ ವಾರಗಳಲ್ಲಿ ಸಾಲದಾಗುತ್ತದೆ, ಥಟ್ಟನೆ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ, ವಯಸ್ಸಾದವರು ರಾತ್ರಿ ಎದ್ದಾಗ ಬೀಳುವ ಅಪಾಯ ಹೆಚ್ಚುತ್ತದೆ. ನೆರೆಯ ಅಥವಾ ಸಾಲದ ಭಯ ತಿಂಗಳಾದರೂ ಬಿಡದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, 2022ರಿಂದ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಈ ಸೀಮೆಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಹತ್ತಿರ.

ಇಷ್ಟೆಲ್ಲ ಮಾಡಿದರೂ ಪಂಪಿನ ಪಾಳಿ ಹಾಗೇ ಇರುತ್ತದೆ. ಹಗಲು ಊರುಗಳಿಗೂ ಉದ್ದಿಮೆಗಳಿಗೂ ಬೇಕಾದ ಕರೆಂಟು, ರಾತ್ರಿ ಬೇಡಿಕೆ ಇಳಿದಾಗ ಹೊಲಕ್ಕೆ ಹರಿಯುತ್ತಿತ್ತು; ರಾತ್ರಿ ಪಾಳಿಯ ಹಿಂದಿದ್ದ ತರ್ಕ ಇದು. ಸೌರವಿದ್ಯುತ್ತು ಆ ತರ್ಕವನ್ನು ತಲೆಕೆಳಗು ಮಾಡುತ್ತಿದೆ, ಈಗ ಹೆಚ್ಚು ಕರೆಂಟು ಹುಟ್ಟುವುದು ನಡುಹಗಲಿನಲ್ಲಿ. 2019ರ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟುಗಳ ಫೀಡರಿಗೇ ಸೌರಘಟಕ ಜೋಡಿಸಿ ಹಗಲು ಕರೆಂಟು ಕೊಡುವ ದಾರಿಯಿದೆ. ರೈತರು ಹೆಸ್ಕಾಂ ಕಚೇರಿಗೆ ಕೊಡುವ ಮನವಿಗಳಲ್ಲಿ ಹಾವು-ಚೇಳಿನ ಮಾತು ಇರುತ್ತದೆ. ನಿದ್ದೆಯನ್ನೂ ಅದರಲ್ಲಿ ಬರೆಯಬೇಕು, ಆರೋಗ್ಯ ಇಲಾಖೆಯೂ ಅದಕ್ಕೆ ಸಹಿ ಹಾಕಬೇಕು. ಅಲ್ಲಿಯವರೆಗೆ ರಾತ್ರಿ ಪಾಳಿಯವರು ಮಾಡಬಹುದಾದದ್ದು ಇಷ್ಟು: ಪಾಳಿಗೆ ಹೋಗುವ ಮೊದಲು ಸಂಜೆ ಒಂದೂವರೆ ತಾಸು ಮಲಗುವುದು, ಚಹಾ ಕುಡಿಯುವುದಾದರೆ ಪಾಳಿಯ ಮೊದಲರ್ಧದಲ್ಲೇ ಮುಗಿಸುವುದು, ಬಿಸಿಲು ಏರುವ ಮೊದಲು ಮನೆ ಸೇರಿ ಕಿಟಕಿಗೆ ಕೌದಿ ಇಳಿಬಿಟ್ಟು ಮಲಗುವುದು. ಮನೆಯವರು ಆ ಹೊತ್ತಿನಲ್ಲಿ ಟಿವಿ ಹಚ್ಚದಿದ್ದರೆ ಸರಿ.